ತೊಟ್ಟಿಕ್ಕುವ ನೆಣ

ಹೊಗೆಗೆ ಕಟ್ಟಿದ ಬಾಡು ಎರಡು ಸಲ ಕರಕಲಾದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಸೌದೆಯನ್ನು ಬೈದರು. ಹುಣಸೆ ಕೊರಡು ಸರಿಯಿಲ್ಲ, ತೆಂಗಿನ ಮಟ್ಟೆ ಹಸಿ, ಗಾಳಿ ತಿರುಗಿತು. ಬೈಯಲು ಬೇರೇನೂ ಉಳಿಯದಾಗ ನನ್ನ ಗಂಡ ರಘು ನನ್ನ ತವರಿಗೇ ಕೈ ಹಾಕಿದರು.

"ಬಾಣಾವರದೋರಿಗೆ ಹೊಗೆಬಾಡು ಏನ್ ಗೊತ್ತೈತೆ ಶ್ಯಾಮಲಾ, ಬಿಡು!"

ನನಗೆ ಪಿತ್ತ ನೆತ್ತಿಗೇರಿತು. ಮಾಡಿಯೇ ತೋರಿಸುತ್ತೇನೆ ಎಂದುಕೊಂಡೆ.

ಇಷ್ಟಕ್ಕೆಲ್ಲ ಕಾರಣ ನಮ್ಮ ಮಾವ ಲಕ್ಕಪ್ಪನವರು. ಅತ್ತೆ ಹುಚ್ಚಮ್ಮ ತೀರಿಕೊಂಡ ಮೇಲೆ ಅವರು ಊಟವನ್ನೇ ಬಿಟ್ಟಂತಿದ್ದರು. ತಟ್ಟೆಯಲ್ಲಿ ಕೈಯಾಡಿಸಿ ಎದ್ದುಬಿಡುವರು. ಮೈ ಇಳಿದು ಅಂಗಿ ನೇತಾಡುತ್ತಿತ್ತು. ಹಳೇಬೀಡಿನ ಡಾಕ್ಟರು, ರೋಗವೇನೂ ಇಲ್ಲ, ಹೀಗೇ ಉಪವಾಸ ಬಿದ್ದರೆ ಮಾತ್ರ ಬಹಳ ದಿನ ಉಳಿಯಲಾರರು ಎಂದಿದ್ದರು. ಏನು ಬೇಕು ಮಾವ ಎಂದು ಕೇಳಿದರೆ ಒಂದೇ ಮಾತು: "ನಿಮ್ಮತ್ತೆ ಹೊಗೆಬಾಡು ಮಾಡ್ತಿದ್ಲಲ್ಲ, ಆ ರುಚಿ ಬೇಕು ಕಣವ್ವ."

ಅತ್ತೆ ಆ ಕೆಲಸವನ್ನು ನಮಗ್ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಯುಗಾದಿಯ ಮಾರನೆಯ ದಿನ ಹುಲಿಕೆರೆಯಲ್ಲಿ ನಾಲ್ಕಾರು ಮನೆಯವರು ಸೇರಿ ಮರಿ ಕೊಯ್ದು, ಬಾಡನ್ನು ಗುಡ್ಡೆ ಹಾಕಿ ಹಂಚಿಕೊಳ್ಳುತ್ತೇವೆ. ತೊಂಬತ್ತೆಂಟರ ಹಬ್ಬದಲ್ಲಿ ನಮ್ಮ ಗುಡ್ಡೆಗೆ ನೆಣ ತುಂಬಿದ ಪಕ್ಕೆಲುಬು ಬಿತ್ತು.

"ಈ ಸಲ ಯಾರೂ ಬಚ್ಚಲುಮನೆ ಕಡೆ ಸುಳೀಬೇಡಿ," ಎಂದೆ.

"ಮತ್ತೆ ಸುಟ್ರೆ?" ರಘು ಕೆಣಕಿದರು.

"ಸುಟ್ಟಾಗ ಮಾತಾಡಿ."

ನೀರೊಲೆಯ ಹಂಡೆ ಇಳಿಸಿ, ಉಪ್ಪು ಅರಿಶಿನ ಸವರಿದ ಬಾಡನ್ನು ತಂತಿಗೆ ಪೋಣಿಸಿ ಮೇಲೆ ಕಟ್ಟಿದೆ. ಆಮೇಲೆ ಕಣ್ಣು ಕೀಳದೆ ನೋಡುತ್ತ ಕೂತೆ. ಪಾಪ, ಸೌದೆಯದೇನೂ ತಪ್ಪಿರಲಿಲ್ಲ. ಬಿಸಿ ತಾಗಿದ ನೆಣ ಕರಗಿ ಕೆಂಡದ ಮೇಲೆ ತೊಟ್ಟಿಕ್ಕಿತು, ಚುರ್ ಎಂದು ಉರಿ ಎದ್ದು ಬಾಡನ್ನು ನೆಕ್ಕಿತು. ಕರಿ ಹಿಡಿಯುತ್ತಿದ್ದದ್ದು ಅಲ್ಲಿ!

ಕೆಂಡವನ್ನೆಲ್ಲ ಒಲೆಯ ಒಂದು ಮಗ್ಗುಲಿಗೆ ಎಳೆದು, ಹೊಗೆಯಾಡಲೆಂದು ಮೇಲೆ ಮಟ್ಟೆ ಮುಚ್ಚಿದೆ. ಬಾಡಿನ ನೇರ ಕೆಳಗೆ ಅಗಲವಾದ ಮಣ್ಣಿನ ಬೋಗುಣಿ ಇಟ್ಟು, ಬಿದ್ದ ನೆಣ ಸೀಯದಂತೆ ನೀರು ಹುಯ್ದೆ. ನೀರು ಇಂಗಿದಂತೆಲ್ಲ ಮತ್ತೆ ಹುಯ್ದೆ. ಹೊಗೆಗೆ ಕಣ್ಣು ಉರಿದರೂ ಒಳಗೊಳಗೇ ಹಿಗ್ಗುತ್ತಿದ್ದೆ. ಸಂಜೆಗೆ ಬಾಡು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತು.

ರಘು ಇಣುಕಿ ನೋಡಿ ಬೆರಗಾದರು. ಒಪ್ಪಿಕೊಳ್ಳುವ ಜನವಲ್ಲವಲ್ಲ, ಬೋಗುಣಿಯ ಮೇಲೆ ಕಣ್ಣು ಹಾಕಿದರು.

"ಆ ಜಿಡ್ಡನ್ನ ತಿಪ್ಪೆಗೆ ಚೆಲ್ಲು ಕಣೇ. ಮೋರಿಗೆ ಹುಯ್ದರೆ ಕಟ್ಕೊಳ್ತದೆ."

ಚೆಲ್ಲುವ ಕೈ ನನ್ನದಲ್ಲ. ಬೋಗುಣಿಯ ನೀರಿಗೇ ಈರುಳ್ಳಿ, ಬೆಳ್ಳುಳ್ಳಿ, ಜಜ್ಜಿದ ಮೆಣಸು ಹಾಕಿ ಕುದಿಸಿದೆ. ಹೊಗೆಯ ಘಮ ಮನೆಯನ್ನೆಲ್ಲ ತುಂಬಿತು.

ಮಾವನಿಗೂ ರಘುಗೂ ಬಿಸಿ ಮುದ್ದೆ, ಪಕ್ಕದಲ್ಲಿ ಆ ಸಾರು, ಮೇಲೊಂದು ಪಕ್ಕೆಲುಬು ಬಡಿಸಿದೆ. ಮಾವ ಬಾಡನ್ನು ಬಾಯಿಗಿಟ್ಟು ಒಂದಿಷ್ಟು ಹೊತ್ತು ಆಡಿಸಿ, ಮೆಲ್ಲಗೆ ತೆಗೆದು ತಟ್ಟೆಯ ಅಂಚಿಗಿಟ್ಟರು. ಆಮೇಲೆ ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದರು. ಅವರ ಕೈ ಹಾಗೇ ನಿಂತಿತು. ಮತ್ತೆ ಮುರಿದರು, ಮತ್ತೆ ನುಂಗಿದರು. ಮುದ್ದೆ ಮುಗಿಯುವವರೆಗೂ ತಲೆ ಎತ್ತಲಿಲ್ಲ.

ರಘು ಕೈ ತೊಳೆಯಲು ಹೊರಗೆ ಹೋದರು. ಮಾವ ಕೇಳಿದರು, "ಇದನ್ನ ನಿಮ್ಮತ್ತೆ ಹೇಳ್ಕೊಟ್ಟಿದ್ಲೇನವ್ವ?"

"ಇಲ್ಲ ಮಾವ. ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ, ಅಷ್ಟೆ."

ಅವರು ಬಾಗಿಲ ಕಡೆ ನೋಡಿ, ಬಾಯಿ ಅಗಲಿಸಿ ತೋರಿಸಿದರು. ಮುಂದಿನ ಹಲ್ಲುಗಳನ್ನು ಬಿಟ್ಟರೆ ಒಳಗೆಲ್ಲ ಬರೀ ವಸಡು.

"ಊರೋರ ಮುಂದೆ ಮೂಳೆ ಕಡೀತೀನಿ ಅಂತ ಕೊಚ್ಕೊಳ್ಳೋನು ನಾನು. ಅವಳಿಗೊಬ್ಬಳಿಗೇ ಗೊತ್ತಿತ್ತು. ಮ್ಯಾಲೆ ತೋರಿಕೆಗೆ ಒಂದ್ ತುಂಡು ಇಕ್ಕೋಳು, ತಳದಾಗೆ ಈ ನೆಣದ ಸಾರು ಹುಯ್ಯೋಳು. ನಿಮಗ್ಯಾರಿಗೂ ಹೇಳಕ್ಕೆ ನಾಚ್ಕೆ ಆಯ್ತು ಕಣವ್ವ."

ಅತ್ತೆಯ ಮೇಲೆ ನನಗೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

"ಏನೇ, ಅಪ್ಪ ಬಾಡು ತಿಂದ್ರಾ?" ರಘು ಅಂಗಳದಿಂದ ಕೂಗಿದರು.

ತಟ್ಟೆಯ ಅಂಚಿನ ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಗಬಗಬ ಅಗಿದು ನುಂಗಿ, ಮೂಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಮೂಳೇನೂ ಬಿಟ್ಟಿಲ್ಲ ಕಣ್ರೀ!"