ತಿರುಗದ ಕೀಲಿ

ಹೆಣ ಇನ್ನೂ ಎತ್ತಿರಲಿಲ್ಲ. ಆಗಲೇ ಕೆಳಮನೆಯ ದರ್ಜಿ ಒಳಕೋಣೆಗೆ ನುಗ್ಗಿ ಡ್ರಾಯರು ಎಳೆಯುತ್ತಿದ್ದ. ಅವನ ಬೆನ್ನಿಗೆ ಮೇಷ್ಟರು, ಮೇಷ್ಟರ ಹೆಂಡತಿ. ಅಳುವುದಕ್ಕೆ ಬಂದವರು, ಪಾಪ!

“ತಪ್ಪು ತಿಳ್ಕೋಬೇಡಿ,” ದರ್ಜಿ ಸತ್ತವನ ಅಕ್ಕನಿಗೆ ಹೇಳಿದ. “ಬೀದಿಯ ಬೀಗಗಳನ್ನೆಲ್ಲ ರಿಪೇರಿ ಮಾಡಿದ್ದು ನಿಮ್ಮ ತಮ್ಮನೇ. ಡೂಪ್ಲಿಕೇಟ್ ಕೀಲಿ ಇಟ್ಕೊಂಡಿದ್ರೆ, ನಾಳೆ ಅದು ಯಾರ ಕೈ ಸೇರುತ್ತೋ?”

“ಒಂದಿನ ಮುಖ ನೋಡಿ ಮಾತಾಡಿದವನಲ್ಲ,” ಮೇಷ್ಟರ ಹೆಂಡತಿ ದನಿಗೂಡಿಸಿದಳು. “ಅಂಥವರ ಹೊಟ್ಟೇಲಿ ಏನಿರುತ್ತೋ ಯಾರಿಗ್ಗೊತ್ತು.”

“ಹುಡುಕಿ. ಸಿಗದಿದ್ರೆ ಇನ್ಮೇಲೆ ಅವನ ಹೆಸರೆತ್ತಬೇಡಿ,” ಅಂದಳು ಅಕ್ಕ. ಸಿಕ್ಕಿಬಿಟ್ಟರೆ? ತಮ್ಮ ಕಳ್ಳನೆಂಬ ಹೆಸರು ಹೊತ್ತೇ ಹೋಗುತ್ತಾನೆ.

\*

ಅನುಮಾನ ಅವಳನ್ನೂ ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಅವಳ ಬಳೆ ಕಾಣೆಯಾಗಿತ್ತು. ಅವಳ ಮನೆಯ ಇನ್ನೊಂದು ಕೀಲಿ ಇದ್ದದ್ದು ತಮ್ಮನ ಹತ್ತಿರ. ಪ್ರತಿ ಭಾನುವಾರ ತಾನೇ ಬಾಗಿಲು ತೆರೆದು ಬರುತ್ತಿದ್ದ. ಅವನಿಗೆ ಆಟಿಸಂ ಎಂದು ವೈದ್ಯೆ ಹೇಳಿದ್ದು ನಲವತ್ತು ದಾಟಿದ ಮೇಲೆ. ಕಣ್ಣು ತಪ್ಪಿಸುವವನೆಲ್ಲ ಕಳ್ಳನಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೇರೆಯವನನ್ನು ಕರೆಸಿ, ಹೊರಗೆ ಕಾಣದ ಹಾಗೆ ಬೀಗದ ಒಳಭಾಗ ಬದಲಾಯಿಸಿದಳು.

ಆ ಭಾನುವಾರ ಅವನ ಕೀಲಿ ತಿರುಗಲಿಲ್ಲ.

“ಅಕ್ಕ, ಬೀಗ ಬದಲಾಯಿಸಿದ್ಯಾ?”

“ಇಲ್ವಲ್ಲೋ. ನಿನ್ನ ಕೀಲಿ ಸವೆದಿರಬೇಕು.”

“ನೀನು ಇಲ್ಲ ಅಂದ್ರೆ ತಪ್ಪು ಕೀಲಿದೇ,” ಅಂದಿದ್ದ.

ಬಳೆ ತಿಂಗಳೊಳಗೆ ಅವಳ ಸ್ವೆಟರಿನ ಜೇಬಿನಲ್ಲೇ ಸಿಕ್ಕಿತು. ನಾಚಿಕೆಯಿಂದ ತಮ್ಮನಿಗೆ ನಿಜ ಹೇಳಲಿಲ್ಲ, ಹೊಸ ಕೀಲಿಯನ್ನೂ ಕೊಡಲಿಲ್ಲ. ಅಂದಿನಿಂದ ಭಾನುವಾರಗಳಂದು ಬಾಗಿಲ ಹೊರಗೆ ಸ್ವಲ್ಪ ಹೊತ್ತು ಕಿರಕಿರ ಸದ್ದು, ಆಮೇಲೆ ಬೆಲ್ಲು. ಬೆಲ್ಲಾಗುವ ತನಕ ಅವಳು ಕೇಳಿಸದವಳಂತೆ ಕೂತಿರುತ್ತಿದ್ದಳು.

\*

“ಸಿಕ್ತು ನೋಡಿ!” ದರ್ಜಿ ಮಂಚದ ಕೆಳಗಿಂದ ತಗಡಿನ ಡಬ್ಬಿ ಎಳೆದ. ತುಂಬ ಕೀಲಿಗಳು, ಒಂದೊಂದಕ್ಕೂ ಚೀಟಿ.

ಮೇಷ್ಟರು ಕನ್ನಡಕ ಏರಿಸಿ ಓದಿದರು. “ಅಕ್ಕನ ಮನೆ. ತಿರುಗಲಿಲ್ಲ. ಮತ್ತೆ ಅರದಿಂದ ಉಜ್ಜಬೇಕು.” ಇನ್ನೊಂದು ತೆಗೆದರು. “ಅಕ್ಕನ ಮನೆ. ತಿರುಗಲಿಲ್ಲ. ನನ್ನ ಕೈ ಸರಿಯಿಲ್ಲ.” ಎಲ್ಲದರ ಮೇಲೂ ಒಂದೊಂದು ಭಾನುವಾರದ ತಾರೀಕು. ಬೀದಿಯವರದ್ದು ಒಂದೂ ಇರಲಿಲ್ಲ.

“ನಿಮ್ಮನೇದೇ ಇಷ್ಟೊಂದಾ?” ದರ್ಜಿಯ ಅನುಮಾನ ಇನ್ನೂ ಹೋಗಿರಲಿಲ್ಲ. “ಯಾಕಮ್ಮ?”

“ಬೀಗ ನಾನೇ ಬದಲಾಯಿಸಿದ್ದೆ. ಇಲ್ಲ ಅಂತ ಸುಳ್ಳು ಹೇಳಿದೆ. ನಂಬಿಬಿಟ್ಟ.”

ದರ್ಜಿ ಡಬ್ಬಿಯನ್ನು ಅವಳ ಕಡೆಗೆ ಸರಿಸಿದ. ಡಬ್ಬಿಯ ಮೂಲೆಯಲ್ಲಿ ಹೊಚ್ಚಹೊಸ ಕೀಲಿಯೊಂದಿತ್ತು. ಚೀಟಿಯಲ್ಲಿ ಅಕ್ಕನ ಮನೆ ಎಂದಷ್ಟೇ ಬರೆದು, ಬರುವ ಭಾನುವಾರದ ತಾರೀಕು ಹಾಕಿದ್ದ. ಅಕ್ಕ ಅದನ್ನು ಎತ್ತಿಕೊಂಡಾಗ ಹಲ್ಲುಗಳ ಸಂದಿನ ಹಿತ್ತಾಳೆ ಪುಡಿ ಅವಳ ಬೆರಳಿಗೆ ಅಂಟಿತು.