ಹಾಲಿನ ರುಚಿ ಮರೆತವು

ಟೈಲರಮ್ಮನ ಮಗ ಡುಮ್ಮನಿಗೆ ಹೊಟ್ಟೆ ಕೆಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಆ ಚಳಿಗಾಲದಲ್ಲಿ ಬೀದಿಯ ಶಿಶುವಿಹಾರದ ಕೂಸುಗಳೆಲ್ಲ ಒಂದರ ಹಿಂದೆ ಒಂದು ಭೇದಿ ಹತ್ತಿ ಮಲಗಿದವು. ಆಯಾ ಮಲಗಿದಳು, ಆಯಾಳ ಗಂಡನೂ ಮಲಗಿದ. ಡುಮ್ಮ ಮಾತ್ರ ಖಾಲಿ ಕೋಣೆಯ ನಡುವೆ ಕೂತು, ಎಲ್ಲರ ಆಟಿಕೆಗಳನ್ನೂ ತನ್ನ ಸುತ್ತ ಗುಡ್ಡೆ ಹಾಕಿಕೊಂಡು, ಜೊಲ್ಲು ಸುರಿಸುತ್ತ ನಗುತ್ತಿದ್ದ. ಇನ್ನೂ ಹಲ್ಲು ಬಾರದ ಮಗು. ತಾಯಿಯ ಹಾಲು ಬಿಟ್ಟರೆ ಬೇರೇನನ್ನೂ ಬಾಯಿಗಿಟ್ಟವನಲ್ಲ.

ಸುದ್ದಿ ಕೇಳಿ ಓಡಿ ಬಂದವಳು ನಾದಿನಿ, ಗಂಡನ ಅಕ್ಕ. ಅವಳು ಒಂದು ಕಂಪನಿಯ ಪ್ರಯೋಗಾಲಯದಲ್ಲಿ ವಿಜ್ಞಾನಿ. ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಾಣುಗಳನ್ನು ಹುಡುಕಿ, ಬೆಳೆಸಿ, ಒಣಗಿಸಿ, ಮನುಷ್ಯರಿಗೂ ದನಕರುಗಳಿಗೂ ಪುಡಿ ಮಾಡಿ ಮಾರುವುದು ಆ ಕಂಪನಿಯ ಕಸುಬು. ಮನೆಯಲ್ಲಿ ಎಲ್ಲರೂ ಅವಳನ್ನು 'ಮೊಸರು ಡಾಕ್ಟ್ರು' ಎಂದು ಚುಡಾಯಿಸುತ್ತಿದ್ದರು. ಅವಳಿಗೆ ಮದುವೆಯಾಗಿರಲಿಲ್ಲ, ಆಗುವ ಆತುರವೂ ಇರಲಿಲ್ಲ. ಡುಮ್ಮನನ್ನು ಕಂಡರೆ ಪ್ರಾಣ.

"ಇವನ ಕಕ್ಕ ಬೇಕಿತ್ತು ಕಣೇ, ಈಗಷ್ಟೇ ಮಾಡಿದ್ದು" ಎಂದಳು, ಚೀಲದಿಂದ ಬಿಗಿ ಮುಚ್ಚಳದ ಡಬ್ಬಿ ತೆಗೆದು.

ಟೈಲರಮ್ಮ ಮಿಷನ್ ತುಳಿಯುವುದನ್ನು ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ಲ ಅಕ್ಕ, ಸೋದರತ್ತೆ ಅಂದ್ರೆ ಡಬ್ಬಿ ತುಂಬ ಸಿಹಿ ತರ್ತಾರೆ. ನೀವು ಖಾಲಿ ಡಬ್ಬಿ ತಂದು ತುಂಬಿಸ್ಕೊಂಡು ಹೋಗ್ತೀರಲ್ಲ!"

"ನಗು, ನಗು. ನಿನ್ನ ಹಾಲಲ್ಲಿ ಒಂದು ಥರದ ಸಕ್ಕರೆ ಇದೆ, ಗೊತ್ತಾ? ಅದು ಇವನಿಗೆ ಜೀರ್ಣವೇ ಆಗಲ್ಲ."

"ಮತ್ತೆ ಯಾಕಿದೆ? ದಂಡಕ್ಕಾ?"

"ದಂಡ ಅಲ್ಲ. ಇವನ ಕರುಳಲ್ಲಿರೋ ಜೀವಾಣುಗಳಿಗೆ ಅದು ಊಟ. ಅವು ಅದನ್ನ ತಿಂದು ಬೆಳೀತವೆ, ಕೆಟ್ಟವಕ್ಕೆ ಕೂರೋಕೂ ಜಾಗ ಕೊಡಲ್ಲ. ತಾಯಿ ಹಾಲು ಮಗುಗೆ ಮಾತ್ರ ಅಂತ ನಾವು ತಿಳ್ಕೊಂಡಿದ್ದೀವಿ."

ಟೈಲರಮ್ಮ ಡುಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. "ಹಾಗಾದ್ರೆ ನಾನು ಇವನೊಬ್ಬನನ್ನೇ ಅಲ್ಲ, ಒಂದು ಊರನ್ನೇ ಸಾಕ್ತಾ ಇದೀನಿ ಅನ್ನಿ" ಎಂದಳು. ಆ ಮಾತನ್ನು ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದಳು.

ಆ ಡಬ್ಬಿಯಿಂದ ನಾದಿನಿ ಒಂದೇ ಒಂದು ತಳಿಯನ್ನು ಬೇರ್ಪಡಿಸಿದಳು. ಸೂಕ್ಷ್ಮದರ್ಶಕದಲ್ಲಿ ಕವೆಗೋಲಿನಂತೆ ಕಾಣುವ, ತುದಿ ಎರಡಾಗಿ ಒಡೆದ ಜೀವಾಣು. ಗಾಳಿ ತಗುಲಿದರೆ ಸಾಯುವಂಥದ್ದು, ತಾಯಿ ಹಾಲಿನ ಆ ಸಕ್ಕರೆ ಕೊಟ್ಟರೆ ಉಬ್ಬಿ ಬೆಳೆಯುವಂಥದ್ದು. ನಳಿಕೆಯ ಮೇಲೆ 'ಡುಮ್ಮ' ಎಂದು ಬರೆದು ಶೀತಪೆಟ್ಟಿಗೆಯಲ್ಲಿಟ್ಟಳು.

ಡುಮ್ಮ ನಡೆಯಲು ಕಲಿತ, ಎರಡು ಮಾತು ಕಲಿತ. ಎರಡನೆಯ ಹುಟ್ಟುಹಬ್ಬಕ್ಕೆ ಮುಂಚೆ ಮಿದುಳು ಜ್ವರ ಬಂತು. ಆಸ್ಪತ್ರೆಯ ಮಂಚದ ಒಂದು ಪಕ್ಕ ತಾಯಿ ಕೂತಿದ್ದಳು, ಇನ್ನೊಂದು ಪಕ್ಕ ನಾದಿನಿ. ಲಿಫ್ಟ್ ರಿಪೇರಿ ಮಾಡುವ ಅಪ್ಪ ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಿದ್ದ.

"ಇವನ ಹೊಟ್ಟೇಲಿರೋವು ಕಾಪಾಡಲ್ವಾ ಅಕ್ಕ?" ಎಂದು ಟೈಲರಮ್ಮ ಕೇಳಿದಳು.

"ಅವು ಹೊಟ್ಟೆ ಕಾಯೋವು ಕಣೇ. ಇದು ತಲೆಗೆ ಹೋಗಿದೆ."

ಮಗು ಉಳಿಯಲಿಲ್ಲ. ಎದೆಯಲ್ಲಿ ಹಾಲು ಇನ್ನೂ ಇತ್ತು. ಅದು ಬತ್ತುವವರೆಗೆ ಟೈಲರಮ್ಮ ಬಟ್ಟೆ ಒತ್ತಿ ಒತ್ತಿ ಒರೆಸಿಕೊಂಡಳು. ಆಮೇಲೆ ಮತ್ತೆ ಮಿಷನ್ ಮುಂದೆ ಕೂತಳು. ಇನ್ನೊಂದು ಮಗುವಾಗಲಿಲ್ಲ. ಡುಮ್ಮನ ಮಾತು ಆ ಮನೆಯಲ್ಲಿ ನಿಂತೇಹೋಯಿತು. ಗಂಡನಿಗೆ ಆ ಹೆಸರೆತ್ತಿದರೆ ಅನ್ನ ಇಳಿಯುತ್ತಿರಲಿಲ್ಲ, ಹೆಂಡತಿಗೆ ಎತ್ತದಿದ್ದರೆ ಇಳಿಯುತ್ತಿರಲಿಲ್ಲ.

ಹೀಗೆ ವರ್ಷಗಳು ಕಳೆದ ಮೇಲೆ ಒಂದು ಭಾನುವಾರ ನಾದಿನಿ ಸಿಹಿಯ ಡಬ್ಬಿ ಹಿಡಿದು ಬಂದಳು. ಮುಖ ಅರಳಿತ್ತು. ಅವಳು ಕಂಡುಹಿಡಿದ ಪುಡಿಗೆ ಬಹುಮಾನ ಬಂದಿತ್ತು. ತಾಯಿಯ ಮೊಲೆ ಬಿಡಿಸಿದ ಹಂದಿಮರಿಗಳು ಭೇದಿ ಹತ್ತಿ ಸಾಯುವುದು ಸಾಕಣೆದಾರರಿಗೆ ದೊಡ್ಡ ತಲೆನೋವು. ಮೊದಲು ಅದಕ್ಕೆ ಮೇವಿನಲ್ಲೇ ಆ್ಯಂಟಿಬಯಾಟಿಕ್ ಬೆರೆಸುತ್ತಿದ್ದರು, ಈಗ ಬೇಡವೆನ್ನುತ್ತಾರೆ. ಅದರ ಬದಲು ಈ ಪುಡಿ. ಮರಿಗಳು ಸಾಯುವುದು ಅರ್ಧಕ್ಕಿಂತ ಕಡಿಮೆಯಾಗಿತ್ತು.

"ದೊಡ್ಡವರ ಮೇಲೆ ಪ್ರಯೋಗ ಮಾಡಿದಾಗ ಏನೂ ಸಿಗಲಿಲ್ಲ ಕಣೋ. ಬರೀ ಹಿಟ್ಟು ತಿಂದವರಿಗೂ ಇದನ್ನ ತಿಂದವರಿಗೂ ವ್ಯತ್ಯಾಸವೇ ಇರಲಿಲ್ಲ. ಕೊನೆಗೆ ಹಂದಿಮರಿ ಕೈಹಿಡೀತು" ಎಂದು ತಮ್ಮನಿಗೆ ಹೇಳುತ್ತ ಹೇಳುತ್ತ ಅವಳು ಬಾಯಿ ಜಾರಿದಳು. "ನಮ್ಮ ಡುಮ್ಮಂದು ಗೆದ್ದುಬಿಡ್ತು ನೋಡು."

ಮಿಷನ್ ನಿಂತಿತು.

"ಯಾವ್ದು ಡುಮ್ಮಂದು?" ಎಂದಳು ಟೈಲರಮ್ಮ.

ಪುಡಿಯಲ್ಲಿರುವುದು ಅಂದು ಡುಮ್ಮನಿಂದ ಒಯ್ದ ಜೀವಾಣುವೇ ಎಂದು ನಾದಿನಿ ಹೇಳಲೇಬೇಕಾಯಿತು. ಟೈಲರಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅದು ಬದುಕಿದೆಯಾ?"

"ಬದುಕಿದೆ. ಅಂದ್ರೆ, ಅದರ ಸಂತತಿ."

"ಇಷ್ಟು ವರ್ಷ ನೀವು ನನಗೆ ಹೇಳಲಿಲ್ಲ."

"ನಿನಗೆ ನೋವಾಗುತ್ತೆ ಅಂತ..."

"ನೋವು ಏನು ಹೊಸದಾಗಿ ಆಗ್ಬೇಕಿತ್ತಾ ಅಕ್ಕ?"

ಅದಾದ ವಾರದಲ್ಲೇ ಟೈಲರಮ್ಮ ರೈಲು ಹಳಿ ದಾಟಿ ಪಶು ಆಹಾರದ ಅಂಗಡಿಗೆ ಹೋದಳು. ಹಿಂಡಿ, ಹೊಟ್ಟು, ಔಷಧಿಯ ಘಾಟು. ಚೀಲದ ಮೇಲೆ ನಗುವ ಹಂದಿಮರಿಯ ಚಿತ್ರವಿತ್ತು.

"ಎಷ್ಟು ಮರಿ ಇವೆಯಮ್ಮ?" ಎಂದ ಅಂಗಡಿಯವನು.

"ಒಂದೇ."

"ಒಂದು ಮರಿಗೆ ಇಷ್ಟು ದೊಡ್ಡ ಚೀಲ ಯಾಕೆ? ಮುಗಿಯೋದ್ರೊಳಗೆ ಅದು ದೊಡ್ಡದಾಗಿಬಿಡುತ್ತೆ."

"ಆಗಲ್ಲ" ಎಂದು ಅವಳು ಚೀಲವನ್ನು ಸೊಂಟಕ್ಕೇರಿಸಿಕೊಂಡಳು.

ದಿನವೂ ಗಂಡ ಕೆಲಸಕ್ಕೆ ಹೋದ ಮೇಲೆ ಒಂದು ಚಮಚ ಪುಡಿಯನ್ನು ಬೆಚ್ಚನೆಯ ನೀರಿಗೆ ಕಲಸಿ ಕುಡಿಯತೊಡಗಿದಳು. ಬಿಸಿ ನೀರಿಗೆ ಹಾಕಿದರೆ ಸಾಯುತ್ತವೆಂದು ಚೀಲದ ಮೇಲೆ ಬರೆದಿತ್ತು, ಅದಕ್ಕೆ ಬೆರಳದ್ದಿ ನೋಡಿಯೇ ಕಲಸುತ್ತಿದ್ದಳು, ಹಿಂದೆ ಮಗುವಿನ ಸ್ನಾನದ ನೀರನ್ನು ನೋಡುತ್ತಿದ್ದ ಹಾಗೆ. ರುಚಿಯೇನೂ ಇರಲಿಲ್ಲ, ಹಸಿ ಹಿಟ್ಟಿನ ಹಾಗೆ ನಾಲಿಗೆಗೆ ಅಂಟುತ್ತಿತ್ತು. ಕುಡಿದ ಮೇಲೆ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದಳು. ಗಿರಾಕಿಗಳು ಟೈಲರಮ್ಮನ ಮುಖದಲ್ಲಿ ಕಳೆ ಬಂದಿದೆ ಎಂದರು. ಒಬ್ಬಾಕೆಯಂತೂ ಕಿವಿಯ ಹತ್ತಿರ ಬಂದು, "ಏನು ವಿಶೇಷ?" ಎಂದು ಕೇಳಿಯೇಬಿಟ್ಟಳು. ಟೈಲರಮ್ಮ ಇಲ್ಲವೆನ್ನಲಿಲ್ಲ.

ಬಟ್ಟೆಯ ಚೂರುಗಳ ರಾಶಿಯಡಿ ಚೀಲ ಗಂಡನ ಕಣ್ಣಿಗೆ ಬಿತ್ತು. ಅವನು ಅದುವರೆಗೆ ಹೆಂಡತಿಯ ಮೇಲೆ ದನಿಯೆತ್ತಿದವನಲ್ಲ. ಅಂದು ಬೀದಿಗೆ ಕೇಳಿಸುವಂತೆ ಕೂಗಿದ. "ಹಂದಿ ತಿನ್ನೋದನ್ನ ತಿಂತೀಯಲ್ಲೇ! ತಲೆ ಕೆಟ್ಟಿದೆಯಾ ನಿನಗೆ?" ಆಮೇಲೆ ತಾನೇ ಮೆಟ್ಟಿಲ ಮೇಲೆ ಕೂತು ಅತ್ತ. ಅಕ್ಕನಿಗೆ ಫೋನು ಮಾಡಿದ.

ನಾದಿನಿ ಗಾಬರಿಯಿಂದ ಬಂದಳು. ಪ್ರಾಣಿಗಳಿಗೆಂದು ಮಾಡಿದ ಪುಡಿ ಮನುಷ್ಯರು ತಿನ್ನುವಷ್ಟು ಶುದ್ಧವಿರುವುದಿಲ್ಲ. ಹೇಗಾದರೂ ಮಾಡಿ ಇದನ್ನು ನಿಲ್ಲಿಸಬೇಕು ಎನ್ನುವುದೊಂದೇ ಅವಳ ತಲೆಯಲ್ಲಿತ್ತು. ತನಗೆ ತಿಳಿದ ದಾರಿ ಹಿಡಿದಳು: ನಿಜ ಹೇಳಿದಳು.

"ಕೇಳು ಇಲ್ಲಿ. ಅದು ನಿನ್ನೊಳಗೆ ನಿಲ್ಲಲ್ಲ. ದೊಡ್ಡವರ ಕರುಳಲ್ಲಿ ಮೊದಲೇ ಜಾಗ ಹಿಡಿದು ಕೂತವು ಇರ್ತವೆ, ಹೊಸಬರನ್ನ ಸೇರಿಸಲ್ಲ. ತಿನ್ನೋದು ಬಿಟ್ಟ ನಾಲ್ಕು ದಿನಕ್ಕೆ ಎಲ್ಲಾ ಆಚೆ ಹೋಗುತ್ತೆ."

"ಬಿಟ್ರೆ ತಾನೇ? ನಾನು ಬಿಡಲ್ಲ."

"ಅದು ಅವನದೂ ಅಲ್ಲ ಕಣೇ ಈಗ." ನಾದಿನಿಗೆ ಇಲ್ಲಿ ನಿಲ್ಲಿಸಬೇಕೆಂದು ತೋಚಲಿಲ್ಲ. "ಕಾರ್ಖಾನೇಲಿ ಅಗ್ಗದ ಸಕ್ಕರೆ ಹಾಕಿ ಬೆಳೆಸ್ತಾರೆ. ತಲೆಮಾರು ತಲೆಮಾರು ಅದನ್ನೇ ತಿಂದೂ ತಿಂದೂ ಅವು ಬದಲಾಗಿಬಿಟ್ಟಿವೆ. ತಾಯಿ ಹಾಲಿನ ಸಕ್ಕರೆ ಕೊಟ್ರೆ ಈಗ ಮುಟ್ಟೋದೂ ಇಲ್ಲ. ನಾನೇ ಕೊಟ್ಟು ನೋಡಿದೀನಿ. ನಿನ್ನ ಹಾಲನ್ನ ಅವು ಮರೆತುಬಿಟ್ಟಿವೆ."

ಟೈಲರಮ್ಮ ಲೋಟದಲ್ಲಿದ್ದುದನ್ನು ಬಚ್ಚಲಿಗೆ ಚೆಲ್ಲಿ ಬಂದಳು.

"ನೀವು ಹೇಳಿದ್ದೆಲ್ಲ ನಿಜ ಇರಬಹುದು ಅಕ್ಕ" ಎಂದಳು. "ಬದುಕಿದೆ ಅನ್ನೋದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತು. ಮರೆತಿದೆ ಅನ್ನೋದಕ್ಕೆ ಇಷ್ಟು ಅವಸರ ಯಾಕೆ?"

ಟೈಲರಮ್ಮ ಮತ್ತೆ ಕೇಳಿದಳು. "ಮೊದಲನೇದು ಇದೆಯಲ್ಲ, ನೀವು ತಗೊಂಡು ಹೋಗಿ ಇಟ್ಟಿದ್ದು. ಅದೂ ಮರೆತಿದೆಯಾ?"

"ಇಲ್ಲ. ಅದು ಹೆಪ್ಪುಗಟ್ಟಿದೆ, ಹಾಗೇ ಇದೆ."

"ಅದನ್ನ ಕೊಡಿ. ತಿನ್ನಲ್ಲ. ಇಟ್ಕೋತೀನಿ."

ಕೇಳಿ ನೋಡುತ್ತೇನೆ ಎಂದು ನಾದಿನಿ ಹೋದಳು. ಕೇಳಿದಳು ಕೂಡ. ಅವಳ ಮೇಲಧಿಕಾರಿ ಕೆಟ್ಟವನಲ್ಲ, ಗಮನವಿಟ್ಟು ಕೇಳಿದ, ಮಗುವಿನ ವಿಷಯಕ್ಕೆ ಮರುಗಿದ. ಆದರೆ ಆ ತಳಿಯ ಹಕ್ಕು ಕಂಪನಿಯದು, ಒಂದು ಹನಿ ಹೊರಗೆ ಹೋಗುವಂತಿಲ್ಲ ಎಂದ. ಅದಲ್ಲದೆ ಆ ಮೊದಲ ನಳಿಕೆಗೆ ಈಗ ಹೊಸ ಕೆಲಸ ಹುಟ್ಟಿತ್ತು. ತಾಯಿಯ ಹಾಲು ಸಿಗದ ಶಿಶುಗಳಿಗಾಗಿ ಒಂದು ಪುಡಿ ತಯಾರಾಗುತ್ತಿತ್ತು. ಅಧಿಕಾರಿಗೆ ಮಾತಿನ ನಡುವೆ ಒಂದು ಯೋಚನೆ ಹೊಳೆಯಿತು. ಅದನ್ನೂ ನಾದಿನಿಯ ಕೈಲೇ ಹೇಳಿ ಕಳಿಸಿದ.

ಈ ಸಲ ಅವಳು ಕೂರಲೂ ಇಲ್ಲ. ಕೊಡುವುದಿಲ್ಲವಂತೆ ಎಂದಳು. ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ, "ತಗೊಂಡು ಹೋಗುವಾಗ ಯಾರ ಅಪ್ಪಣೆನೂ ಬೇಕಾಗಿರಲಿಲ್ಲ" ಎಂದಳಷ್ಟೆ.

"ಇನ್ನೊಂದು ಮಾತು" ಎಂದಳು ನಾದಿನಿ, ತಮ್ಮನ ಕಡೆ ನೋಡುತ್ತ. "ಈ ಹೊಸ ಪುಡಿಯಲ್ಲಿ ಅವನ ಜೀವಾಣು ಇರುತ್ತೆ, ಅದಕ್ಕೆ ಬೇಕಾದ ಹಾಲಿನ ಸಕ್ಕರೆನೂ ಇರುತ್ತೆ. ಆ ಸಕ್ಕರೇನ ಈಗ ಟ್ಯಾಂಕಿನಲ್ಲೇ ತಯಾರಿಸ್ತಾರೆ."

"ನನ್ನ ಹಾಲನ್ನೂ ಮಾಡ್ಕೊಂಡ್ರಾ?"

"ಹಾಲಲ್ಲ. ಸಕ್ಕರೆ ಮಾತ್ರ."

"ಸರಿ ಬಿಡಿ. ಇನ್ನು ಮಗುನೂ ಬೇಡ, ತಾಯಿನೂ ಬೇಡ."

"ಡಬ್ಬಿಯ ಮೇಲೆ ಹಾಕೋಕೆ ಡುಮ್ಮನ ಫೋಟೋ ಕೇಳ್ತಿದಾರೆ."

ಗಂಡ ಮೆಲ್ಲಗೆ ಬಾಯಿಬಿಟ್ಟ. "ಕೊಟ್ಬಿಡೇ. ಅವನ ಹೆಸರಾದ್ರೂ ಉಳಿಯುತ್ತೆ."

"ಹೆಸರು ಹಾಕ್ತಾರಾ?" ಎಂದು ಟೈಲರಮ್ಮ ನಾದಿನಿಯನ್ನು ಕೇಳಿದಳು.

"ಇಲ್ಲ. ಮುಖ ಮಾತ್ರ."

"ಸತ್ತುಹೋದ ಅಂತ ಹಾಕ್ತಾರಾ?"

ನಾದಿನಿಯ ಕಣ್ಣಲ್ಲಿ ನೀರಿತ್ತು. ಟೈಲರಮ್ಮ ಅದನ್ನು ನೋಡಿದಳು. ಆಸ್ಪತ್ರೆಯ ಮಂಚದ ಆಚೆ ಪಕ್ಕ ಕೂತಿದ್ದವಳು ಇವಳೇ ಎನ್ನುವುದೂ ನೆನಪಾಯಿತು. ಆದರೂ ಎದೆ ಕರಗಲಿಲ್ಲ. "ಅವನ ಹೊಟ್ಟೆ ನಿಮಗೆ ಕೊಟ್ಟಾಯ್ತು. ಮುಖ ನನಗಿರಲಿ. ಇನ್ನು ಈ ಮನೆಗೆ ಬರಬೇಡಿ ಅಕ್ಕ" ಎಂದಳು.

ನಾದಿನಿ ಮತ್ತೆ ಬರಲಿಲ್ಲ. ಆ ಕಂಪನಿಯಲ್ಲೇ ವಿಭಾಗದ ಮುಖ್ಯಸ್ಥೆಯಾದಳೆಂದು ಕೇಳಿಬಂತು. ತಮ್ಮ ಒಬ್ಬನೇ ಹೋಗಿ ಅಕ್ಕನನ್ನು ನೋಡಿ ಬರುತ್ತಿದ್ದ. ಎಲ್ಲಿಗೆ ಹೋಗಿದ್ದೆ ಎಂದು ಹೆಂಡತಿ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ರಿಪೇರಿಯಾಗದ ಒಂದೇ ಲಿಫ್ಟು ತನ್ನ ಮನೆಯಲ್ಲಿದೆ ಎಂದು ಅವನು ಜೊತೆಯವರ ಹತ್ತಿರ ಹೇಳಿಕೊಂಡು ನಗಲು ಪ್ರಯತ್ನಿಸುತ್ತಿದ್ದ.

ಮರುವರ್ಷ ತಲೆನೋವಿನ ಮಾತ್ರೆಗೆಂದು ಟೈಲರಮ್ಮ ಔಷಧಿ ಅಂಗಡಿಗೆ ಹೋದಾಗ ಆ ಹೊಸ ಪುಡಿಯ ಡಬ್ಬಿಗಳನ್ನು ಎದುರಿಗೇ ಗೋಪುರದಂತೆ ಜೋಡಿಸಿದ್ದರು. ಮೇಲೆ ಯಾರದೋ ಮಗು, ದುಡ್ಡು ಕೊಟ್ಟು ಕೂರಿಸಿ ತೆಗೆದ ಚಿತ್ರ. ಕೆನ್ನೆ ತುಂಬಿದ, ಕೂದಲು ಬಾಚಿದ, ಚೆಂದದ ಮಗು. ತನ್ನ ಮಗನ ಮುಖವಲ್ಲ ಎಂದು ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಕಿಚ್ಚಾಯಿತು.

ಪಕ್ಕದಲ್ಲಿ ಹೊಸ ಬಾಣಂತಿಯೊಬ್ಬಳು ಮಗುವನ್ನು ಎದೆಗೆ ಕಟ್ಟಿಕೊಂಡು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಿದ್ದೆಗೆಟ್ಟ ಕಣ್ಣು.

"ನನಗೆ ಹಾಲೇ ಬರ್ತಿಲ್ಲ" ಎಂದಳು, ಯಾರೂ ಕೇಳದಿದ್ದರೂ. "ಇದು ತುಂಬ ಒಳ್ಳೇದಂತಲ್ಲ? ನೀವು ನಿಮ್ಮ ಮಗುಗೆ ಕೊಟ್ಟಿದ್ರಾ?"

ಟೈಲರಮ್ಮ ಆ ಕೂಸನ್ನು ನೋಡಿದಳು. ಸಣಕಲು ಕೈ ತಾಯಿಯ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದಿತ್ತು.

"ಇಲ್ಲಮ್ಮ" ಎಂದಳು. "ನನ್ನ ಮಗನಿಗೆ ಅದು ಬೇಕಾಗಿರಲಿಲ್ಲ. ನೀನು ತಗೋ."

ಮಾತ್ರೆ ಕಟ್ಟಿಸಿಕೊಳ್ಳುವುದನ್ನೂ ಮರೆತು ಅವಳು ಹೊರಗೆ ನಡೆದಳು.