ಬೆಲೆ ಕೇಳಿದ ದರ್ಜಿ

ಎಷ್ಟಂತೆ ಇದು — ಅಷ್ಟೇ, ಗಾಜಿನ ಬಾಗಿಲಾಚೆ ಅಂಗಡಿಯಿಂದ ತೇಲಿ ಬಂದ ಮಾತು, ಪಕ್ಕದ ಮಳಿಗೆಯ ದರ್ಜಿಯ ದನಿ, ಸಂಶಯವೇ ಇಲ್ಲ, ಮೊಣಕಾಲು ನೋವಿನ ಆ ಮನುಷ್ಯ ಇಷ್ಟು ವರ್ಷಗಳಲ್ಲಿ ಈ ಕುರ್ಚಿ ಅಂಗಡಿಯಲ್ಲಿ ಯಾವುದರ ಬೆಲೆಯನ್ನೂ ಕೇಳಿದವನಲ್ಲ, ಈಗ ಕೇಳಿದ್ದಾನೆ, ಹೊಸದಾಗಿ ಬಂದ ಓರಗಿತ್ತಿ ಬರೆದು ಓದಿದ್ದನ್ನು ಕೇಳಿ, ಒಳಗೆ ಕಂಪ್ಯೂಟರಿನ ಮುಂದೆ ಕುಳಿತ ಇವಳು ಗಾಜಿನತ್ತ ತಿರುಗಿದಳು. ಬೆಲೆ ಕೇಳಿದರೆ ಬರಹ ಮುಗಿಯಿತೆಂದೇ ಈ ಮನೆಯ ಲೆಕ್ಕ, ಬೀದಿಯಲ್ಲಿ ನಿಂತು ಕುರ್ಚಿ ಮಾರಿದ ಕಾಲದಿಂದ ಮಾವನವರು ಹಾಕಿಕೊಟ್ಟದ್ದು, ಹೊಗಳಿದ್ರೆ ಇನ್ನೂ ಮಾತಾಡಮ್ಮ, ಬೆಲೆ ಕೇಳಿದ್ರೆ ಬಾಯಿ ಮುಚ್ಚು, ಈಗ ಅಂಗಡಿಯ ಜಾಲತಾಣಕ್ಕೂ ಅದೇ ಕಟ್ಟಳೆ, ಕುರ್ಚಿಯ ಬಗ್ಗೆ ಬರೆದದ್ದನ್ನು ಯಾರಿಗಾದರೂ ಓದಿ ಹೇಳಬೇಕು, ಅವರು ಬೆಲೆ ಕೇಳುವ ತನಕ ತಿದ್ದಬೇಕು, ಇವಳೂ ಓದಿದ್ದಳಲ್ಲ, ಇದೇ ದರ್ಜಿಗೆ, ನಿನ್ನೆ — ಆಹಾ, ಬಹಳ ಚೆನ್ನಾಗಿದೆ ಕಣಮ್ಮ, ಕೇಳ್ತಾ ಕೇಳ್ತಾ ಕಣ್ಣು ಎಳೆದುಕೊಂಡು ಹೋಗುತ್ತೆ — ಎಂದು ಆಕಳಿಸಿ ಎದ್ದು ಹೋಗಿದ್ದ, ಹೊಗಳಿಯೇ ಕೊಂದಿದ್ದ.

ಏನೇ, ಯಾರ್ದು ಹಾಕ್ತಿದ್ದೀಯ, ನಿಂದೋ ಅವಳ್ದೋ, ಬೇಗ ಹೇಳು, ಗಂಡ ಒಳಗಿನಿಂದ ಗರಗಸ ನಿಲ್ಲಿಸಿ ಕೂಗುತ್ತಾನೆ, ಇಂದು ಯಾರ ಪುಟ ಪ್ರಕಟವಾಗುವುದೋ ಮುಂದೆ ಅಂಗಡಿಯ ಬರವಣಿಗೆಯೆಲ್ಲ ಅವರದೇ ಎಂದು ಅಣ್ಣತಮ್ಮಂದಿರು ಬೆಳಿಗ್ಗೆಯೇ ತೀರ್ಮಾನಿಸಿದ್ದಾರೆ, ಪುಟಗಳೆರಡೂ ತೆರೆಯ ಮೇಲಿವೆ, ಗುಂಡಿ ಒತ್ತುವ ಬೆರಳು ಇವಳದು. ಇವಳದರಲ್ಲಿ ರಾಜಗಾಂಭೀರ್ಯವಿದೆ, ಕಾಲಾತೀತ ಸೊಬಗಿದೆ, ದೇಹಕ್ಕೂ ದಾರುವಿಗೂ ನಡುವಿನ ಮೌನಸಂವಾದವಿದೆ, ಆ ಹೊಸ ಓರಗಿತ್ತಿಯದರಲ್ಲಿ, ಮನೆಯ ಸೌಟನ್ನು ಯಾವ ಮೊಳೆಗೆ ನೇತುಹಾಕಬೇಕೆಂದು ಇನ್ನೂ ಕಲಿಯದವಳದರಲ್ಲಿ, ಇರುವುದು ಒಂದೇ ವಾಕ್ಯ — ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಈ ಕುರ್ಚಿಯಿಂದ ಏಳಬಹುದು — ಅದೂ ಅವಳದಲ್ಲ, ಇವಳದು, ಇವಳದೇ, ಮಾವನವರು ಮಾದರಿ ಕುರ್ಚಿಯಿಂದ ಕೈಯೂರದೆ ಎದ್ದು, ತುಂಬಿದ ಬಟ್ಟಲಿನೊಂದಿಗೆ ಕಿಟಕಿಯವರೆಗೆ ನಡೆದ ದಿನ ಬರೆದದ್ದು, ಮರುದಿನವೇ ಕಿತ್ತು ಹಾಕಿದ್ದು, ಇದೂ ಒಂದು ವಾಕ್ಯವೇ, ತೂಕವಿಲ್ಲ, ಮೆರುಗಿಲ್ಲ. ಅಕ್ಕಾ, ಇದು ನಿಮಗೆ ಬೇಡ್ವಾ, ನಾನು ಇಟ್ಕೊಳ್ಳಲಾ? ಇಟ್ಕೊಳ್ಳೇ, ಅದೇನು ಚಿನ್ನಾನಾ. ನಕ್ಕಿದ್ದಳು ಇವಳು, ಎಷ್ಟು ಜೋರಾಗಿ ನಕ್ಕಿದ್ದಳು.

ಆ ವಾಕ್ಯವನ್ನು ವಾಪಸು ಕಸಿದುಕೊಂಡರೆ ಯಾರು ಕೇಳುತ್ತಾರೆ, ತಂದು ತನ್ನ ಪುಟದ ನಡುವೆ ಅಂಟಿಸುತ್ತಾಳೆ, ಅಂಟಿದೊಡನೆ ರಾಜಗಾಂಭೀರ್ಯ ನಾಟಕದ ಕಿರೀಟದಂತೆ ಕಾಣುತ್ತದೆ, ಅಳಿಸುತ್ತಾಳೆ, ಸೊಬಗು ಹಲ್ಲುಗಿಂಜುತ್ತದೆ, ಅಳಿಸುತ್ತಾಳೆ, ಅಳಿಸಿ ಅಳಿಸಿ ಕೊನೆಗೆ ಉಳಿಯುವುದು ಆ ಓರಗಿತ್ತಿಯ ಪುಟವೇ, ಥೂ, ಎಲ್ಲವನ್ನೂ ಮರಳಿ ತರುತ್ತಾಳೆ, ಬಾಣದ ಗುರುತನ್ನು ತನ್ನ ಪುಟದ ಗುಂಡಿಯ ಮೇಲೇ ನಿಲ್ಲಿಸುತ್ತಾಳೆ, ಒತ್ತಿದರೆ ಮುಗಿಯಿತು, ಆದರೆ ಗಾಜಿನಾಚೆ, ಬೆಲೆ ಆಮೇಲೆ ಹೇಳ್ತೀನಿ ಅಣ್ಣ, ಮೊದಲು ಕೂತು ನೋಡಿ, ಎನ್ನುತ್ತ ಅವಳು ದರ್ಜಿಯ ಕೈಗೆ ಚಹಾ ಕೊಡುತ್ತಿದ್ದಾಳೆ, ಅಂಚಿನವರೆಗೆ ತುಂಬಿದ್ದಾಳೆ, ಸೊಕ್ಕು ನೋಡು, ಎದ್ದೇಳಲಿ ಈಗ, ಆ ಕೀಲು ಸವೆದ ಕಾಲುಗಳಲ್ಲಿ, ಕುರ್ಚಿಯ ಕೈ ಹಿಡಿಯಲಿ, ಅಯ್ಯೋ ಎನ್ನಲಿ, ಒಂದು ಹನಿ, ದೇವರೇ, ಒಂದೇ ಒಂದು ಹನಿ ಚೆಲ್ಲಲಿ, ಆ ವಾಕ್ಯ ಸುಳ್ಳಾಗಲಿ, ತನ್ನ ವಾಕ್ಯ, ತನ್ನದೇ, ಸುಳ್ಳಾಗಲಿ — ಏನಾಯ್ತೇ, ಒತ್ತಿದ್ಯಾ, ಒಳಗಿನಿಂದ ಗಂಡ — ದರ್ಜಿ ಮುಂದಕ್ಕೆ ಬಾಗುತ್ತಾನೆ, ಎರಡೂ ಕೈ ಬಟ್ಟಲಿನ ಸುತ್ತ, ಏಳುತ್ತಿದ್ದಾನೆ, ಎದ್ದ, ಅಂಚಿನಲ್ಲಿ ಚಹಾ ನಡುಗುತ್ತದೆ, ಅಂಚಿನಲ್ಲೇ ನಿಲ್ಲುತ್ತದೆ, ಒಂದು ಹನಿಯೂ ಚೆಲ್ಲಿಲ್ಲ, ಇವಳ ಬೆರಳು ಇನ್ನೂ ಒತ್ತಿಲ್ಲ, ತುಂಬಿದ ಬಟ್ಟಲು, ಎರಡು ಕೈ, ತುಂಬಿದ ಬಟ್ಟಲು